ವಾರ್ಬರ್ಗ್ ಪತ್ರಸಂಗ್ರಹ

ಜರ್ಮನಿಯ ಕಲಾ ಇತಿಹಾಸಕಾರ ಆಬಿ ವಾರ್ಬರ್ಗ್ (1866–1929) ಬರೆದ ಮತ್ತು ಆತನಿಗೆ ಬಂದ ಕಾಗದಗಳ ಸಂಗ್ರಹ. ಲಂಡನ್ನಿನ ವಾರ್ಬರ್ಗ್ ಇನ್‌ಸ್ಟಿಟ್ಯೂಟಿನ ಪತ್ರಾಗಾರದಲ್ಲಿದೆ. ಹತ್ತಾರು ಸಾವಿರ ಪತ್ರಗಳ ಈ ರಾಶಿಯಲ್ಲಿ ಮನೆಯ ವಿಚಾರ, ಪುಸ್ತಕ ಖರೀದಿಯ ಲೆಕ್ಕ, ವಿದ್ವತ್ ಚರ್ಚೆ ಎಲ್ಲ ಬೆರೆತುಕೊಂಡೇ ಇವೆ.

ವಾರ್ಬರ್ಗ್ ಹ್ಯಾಂಬರ್ಗಿನ ಬ್ಯಾಂಕರ್ ಮನೆತನದ ಹಿರಿಯ ಮಗ. ಹದಿಮೂರನೆಯ ವಯಸ್ಸಿಗೇ ಹಿರಿತನದ ಹಕ್ಕನ್ನು ತಮ್ಮ ಮ್ಯಾಕ್ಸ್‌ನಿಗೆ ಬಿಟ್ಟುಕೊಟ್ಟು, ಬದಲಿಗೆ ಬೇಕಾದ ಪುಸ್ತಕಗಳನ್ನೆಲ್ಲ ಕೊಡಿಸುವ ಮಾತು ಪಡೆದನೆಂದು ಮನೆಯವರು ಹೇಳುತ್ತಿದ್ದರು. ಬ್ಯಾಂಕು ಬಿಟ್ಟರೂ ವರ್ತಕರ ಒಂದು ರೂಢಿಯನ್ನು ಮಾತ್ರ ಆತ ಬಿಡಲಿಲ್ಲ. ಕಳಿಸುವ ಕಾಗದಕ್ಕೆಲ್ಲ ನಕಲು ಇಟ್ಟುಕೊಳ್ಳುತ್ತಿದ್ದ. 1905ರಿಂದ 1918ರವರೆಗಿನ ನಕಲು ಪುಸ್ತಕಗಳು ಉಳಿದಿವೆ. ಬರೆದ ಕಾಗದಕ್ಕೆ ಒದ್ದೆ ಮಾಡಿದ ತೆಳು ಹಾಳೆ ತಾಗಿಸಿ ಒತ್ತುಯಂತ್ರದಲ್ಲಿ ಅದುಮಿದರೆ ಅಕ್ಷರಗಳು ತಿರುವುಮುರುವಾಗಿ ಅದಕ್ಕಿಳಿಯುತ್ತವೆ. ಹಾಳೆಯ ಹಿಂಬದಿಯಿಂದ ನೋಡಿದರೆ ನೇರವಾಗಿ ಕಾಣುತ್ತವೆ. ಸಾಮಾನ್ಯವಾಗಿ ವಿದ್ವಾಂಸರ ಮನೆಯಲ್ಲಿ ಉಳಿಯುವುದು ಬಂದ ಕಾಗದಗಳಷ್ಟೇ, ಬರೆದವು ಊರೂರಿಗೆ ಚದುರಿಹೋಗಿರುತ್ತವೆ. ಇಲ್ಲಿ ಪ್ರಶ್ನೆಯೂ ಉತ್ತರವೂ ಒಂದೇ ಕಡೆ ಸಿಗುವುದು ದೊಡ್ಡ ಭಾಗ್ಯ.

ಹಳೆಯ ಕಾಗದಗಳಿಂದ ಏನನ್ನು ತಿಳಿಯಬಹುದೆಂಬುದನ್ನು ಆತ ತೋರಿಸಿಕೊಟ್ಟದ್ದು ಫ್ಲಾರೆನ್ಸಿನಲ್ಲಿ. ಅಲ್ಲಿನ ಪತ್ರಾಗಾರದಲ್ಲಿ 15ನೆಯ ಶತಮಾನದ ವರ್ತಕರ ಉಯಿಲು, ಖಾಸಗಿ ಬರಹಗಳನ್ನು ಓದುತ್ತ, ಅವರು ಚರ್ಚುಗಳಲ್ಲಿ ಬರೆಸಿದ ಭಿತ್ತಿಚಿತ್ರಗಳನ್ನು ಅರ್ಥಮಾಡಿಕೊಂಡ. ಮೆಡಿಚಿ ಬ್ಯಾಂಕಿನ ಫ್ರಾಂಚೆಸ್ಕೊ ಸಾಸೆಟ್ಟಿ 1488ರಲ್ಲಿ ಲಿಯೋನ್ ನಗರಕ್ಕೆ ಹೊರಡುವ ಮುನ್ನ ಮಕ್ಕಳಿಗೆ ಬರೆದಿಟ್ಟ ಸೂಚನೆಗಳನ್ನು ಕುರಿತ ಪ್ರಬಂಧ (1907) ಈ ಬಗೆಯ ಓದಿಗೆ ಅತ್ಯುತ್ತಮ ಮಾದರಿ. ಪತ್ರರೂಪವನ್ನು ಚಿಂತನೆಯ ಸಾಧನವಾಗಿಯೂ ಬಳಸಿದ. 1900ರಲ್ಲಿ ಗೆಳೆಯ ಆಂಡ್ರೆ ಯೊಲ್ಲೆಸ್ ಜೊತೆ ಸೇರಿ ಒಂದು ಕಾಲ್ಪನಿಕ ಪತ್ರಮಾಲೆ ಆರಂಭಿಸಿದ. ಫ್ಲಾರೆನ್ಸಿನ ಚಿತ್ರಕಾರ ಗಿರ್ಲಾಂಡಾಯೊನ ಚಿತ್ರವೊಂದರಲ್ಲಿ ತಲೆಯ ಮೇಲೆ ಹಣ್ಣಿನ ತಟ್ಟೆ ಹೊತ್ತು, ಉಡುಪು ಗಾಳಿಗೆ ಹಾರುತ್ತಿರಲು ಬಾಣಂತಿಯ ಕೋಣೆಗೆ ಸರಸರನೆ ಬರುವ ಹುಡುಗಿಯೇ ಅದರ ವಸ್ತು. ಅವಳಿಗೆ ಮರುಳಾದವನಂತೆ ಯೊಲ್ಲೆಸ್ ಬರೆದರೆ, ಅವಳು ಎಲ್ಲಿಂದ ಬಂದಳೆಂದು ವಾರ್ಬರ್ಗ್ ಶೋಧಿಸುತ್ತಾನೆ. ಪ್ರಾಚೀನ ಕಲೆಯ ಭಂಗಿಗಳು ಮರುಹುಟ್ಟು ಪಡೆಯುವ ಬಗ್ಗೆ ಆತ ಜೀವನವಿಡೀ ಯೋಚಿಸಿದ್ದರ ಮೊಳಕೆ ಇಲ್ಲಿದೆ.

1918ರ ಕೊನೆಯಲ್ಲಿ ವಾರ್ಬರ್ಗನ ಮನಸ್ಸು ಕದಡಿತು. 1921ರಿಂದ 1924ರವರೆಗೆ ಸ್ವಿಟ್ಜರ್‌ಲೆಂಡಿನ ಕ್ರೊಯ್ಟ್ಸ್‌ಲಿಂಗೆನ್‌ನಲ್ಲಿ ಲುಡ್ವಿಗ್ ಬಿನ್ಸ್‌ವಾಂಗರನ ಚಿಕಿತ್ಸಾಲಯದಲ್ಲಿದ್ದ. ಆಗ ಹ್ಯಾಂಬರ್ಗಿನಲ್ಲಿ ಆತನ ಪುಸ್ತಕಗಳ ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಫ್ರಿಟ್ಸ್ ಸಾಕ್ಸ್ಲ್ ಜೊತೆಗಿನ ಪತ್ರವ್ಯವಹಾರ ಸಂಗ್ರಹದ ಅತಿ ಮುಖ್ಯ ಭಾಗ. 1923ರ ಏಪ್ರಿಲ್ 21ರಂದು ಅಮೆರಿಕದ ಮೂಲನಿವಾಸಿಗಳಾದ ಹೋಪಿ ಜನರ ಸರ್ಪಾಚರಣೆಯ ಕುರಿತು ಅಲ್ಲಿಯೇ ಉಪನ್ಯಾಸ ಕೊಟ್ಟ ವಾರ್ಬರ್ಗ್, ಐದು ದಿನಗಳಲ್ಲೇ ಸಾಕ್ಸ್ಲ್‌ನಿಗೆ ಕಟ್ಟುನಿಟ್ಟಾಗಿ ಬರೆದ: ಹಸ್ತಪ್ರತಿಯನ್ನು ತನ್ನ ಒಪ್ಪಿಗೆಯಿಲ್ಲದೆ ಯಾರಿಗೂ ತೋರಿಸಕೂಡದು, ಹೆಂಡತಿ ಮೇರಿ, ತಮ್ಮ ಮ್ಯಾಕ್ಸ್, ತತ್ತ್ವಜ್ಞಾನಿ ಕ್ಯಾಸಿರರ್ ಮೊದಲಾದ ಕೆಲವರಿಗಷ್ಟೇ ವಿನಾಯಿತಿ. ಇಂದು ಆತನ ಬರಹಗಳಲ್ಲೇ ಹೆಚ್ಚು ಓದಿಸಿಕೊಳ್ಳುವ ಕೃತಿಗಳಲ್ಲಿ ಆ ಉಪನ್ಯಾಸವೂ ಒಂದು.

ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ, 1933ರ ಡಿಸೆಂಬರಿನಲ್ಲಿ, ಈ ಗ್ರಂಥಾಲಯವನ್ನು 531 ಪೆಟ್ಟಿಗೆಗಳಲ್ಲಿ ತುಂಬಿ ಎರಡು ಹಡಗುಗಳಲ್ಲಿ ಲಂಡನ್ನಿಗೆ ಸಾಗಿಸಲಾಯಿತು. ಅದರಿಂದ ಬೆಳೆದ ವಾರ್ಬರ್ಗ್ ಇನ್‌ಸ್ಟಿಟ್ಯೂಟ್ 1944ರಲ್ಲಿ ಲಂಡನ್ ವಿಶ್ವವಿದ್ಯಾಲಯಕ್ಕೆ ಸೇರಿತು. ವಾರ್ಬರ್ಗನ ಬರಹಗಳನ್ನು ಸಂಪಾದಿಸಲು 1936ರಲ್ಲಿ ಬಂದ ಕಲಾ ಇತಿಹಾಸಕಾರ ಇ. ಎಚ್. ಗೊಂಬ್ರಿಕ್ ಬರೆದ ಜೀವನಚರಿತ್ರೆ ಹೊರಬಂದದ್ದು 1970ರಲ್ಲಿ. ಬಹುಕಾಲ ಹೊರಗಿನ ಓದುಗರಿಗೆ ಈ ಕಾಗದಗಳು ದಕ್ಕಿದ್ದು ಹೆಚ್ಚಾಗಿ ಗೊಂಬ್ರಿಕ್ ಆಯ್ದುಕೊಟ್ಟ ತುಣುಕುಗಳಲ್ಲಿ. ಹಾಗಾಗಿ ಅವರು ಕಂಡ ವಾರ್ಬರ್ಗ್ ಬಹುಮಟ್ಟಿಗೆ ಗೊಂಬ್ರಿಕ್ ಕಂಡ ವಾರ್ಬರ್ಗ್. ನಕಲು ಪುಸ್ತಕಗಳ ಬಗ್ಗೆ ಮೈಕೆಲ್ ಡಿಯರ್ಸ್ 1991ರಲ್ಲಿ ಪ್ರಕಟಿಸಿದ ಅಧ್ಯಯನ ಪತ್ರಗಳನ್ನೇ ಮುಂದಿಟ್ಟಿತು. ಪತ್ರಾಗಾರದ ಡೊರೊತಿಯಾ ಮೆಕ್‌ಇವನ್ ಕಾಗದಗಳ ಸೂಚಿ ಸಿದ್ಧಪಡಿಸುವ ಕೆಲಸ ನಡೆಸಿದಳು. ಡಿಯರ್ಸ್ ಮತ್ತು ಸಂಗಡಿಗರು ಸಂಪಾದಿಸಿದ ಆಯ್ದ ಪತ್ರಗಳು 2021ರಲ್ಲಿ ಎರಡು ಸಂಪುಟಗಳಲ್ಲಿ ಅಚ್ಚಾಗಿವೆ.