ಮೈಲಿಗೆ ಯಾವುದು? ನೀರು ಕೆಡಿಸಿದವರು ಯಾರು?



1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡ್‌ನ ಚವದಾರ್ ಕೆರೆಯ ನೀರು ಕುಡಿದರು. ಕೆರೆ ಮೈಲಿಗೆ ಆಯ್ತು ಅಂತ ಸವರ್ಣೀಯರು ಅದಕ್ಕೆ ಸಗಣಿ, ಗಂಜಲ, ಹಾಲು, ಮೊಸರು ಸುರಿದು ‘ಶುದ್ಧಿ’ ಮಾಡಿದ್ರು. ಆದ್ರೆ ನೀರು ನಿಜವಾಗಿ ಕೆಡೋದು ಹೇಗೆ, ಶುದ್ಧ ಆಗೋದು ಹೇಗೆ? ಅದಕ್ಕೆ ಅಮೆರಿಕದ ಒಂದು ಚರಿತ್ರೆ ಹೇಳ್ತೀನಿ.

ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ 1917ರಲ್ಲಿ ಕೆಲ್ಲಿ ವಾಯುನೆಲೆ ಶುರುವಾಯಿತು. ವಿಮಾನದ ಬಿಡಿಭಾಗಗಳ ಜಿಡ್ಡು ತೆಗೆಯೋಕೆ ಅಲ್ಲಿ ಟಿಸಿಇ, ಪಿಸಿಇ ಅನ್ನೋ ಕ್ಲೋರಿನ್ ದ್ರಾವಕಗಳನ್ನು ಬಳಸ್ತಿದ್ರು. ಅವು ನೆಲಕ್ಕಿಳಿದು, ಮೇಲ್ಪದರದ ಅಂತರ್ಜಲದ ಜೊತೆ ಬೇಲಿ ದಾಟಿ ಮನೆಗಳ ಕೆಳಗೆ ಹರಿದವು. ಯಾರ ಮನೆಗಳು? ಹೆಚ್ಚಿನವು ಮೆಕ್ಸಿಕನ್ ಮೂಲದ ದುಡಿಯುವ ಜನರವು. ಕ್ಯಾನ್ಸರ್ ಬಂದ ಮನೆಗಳ ಮುಂದೆ ಅವರು ನೇರಳೆ ಬಣ್ಣದ ಶಿಲುಬೆ ನೆಟ್ಟು ಪ್ರತಿಭಟಿಸಿದರು. ಸಂಬಂಧ ಸಾಬೀತಾಗಿಲ್ಲ ಅಂದ್ರು ಅಧಿಕಾರಿಗಳು.

ಈ ದ್ರಾವಕ ನೀರಿಗಿಂತ ಭಾರ, ತಳಕ್ಕೆ ಇಳಿದು ಕೂರುತ್ತೆ. ಪಂಪ್ ಹಾಕಿ ಎತ್ತಿದರೂ ದಶಕಗಟ್ಟಲೆ ಮುಗಿಯಲ್ಲ. ಇದನ್ನು ಮುರಿಯೋ ಜೀವಿ ಸಿಕ್ಕಿದ್ದು ಕೊಳಚೆಯಲ್ಲಿ! ಇಥಾಕಾ ಊರಿನ ಕೊಳಚೆನೀರು ಘಟಕದ ಕೆಸರಿನಿಂದ ಬಂದ ಬ್ಯಾಕ್ಟೀರಿಯಾವನ್ನು ಕಾರ್ನೆಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 1997ರಲ್ಲಿ ಲೋಕಕ್ಕೆ ಪರಿಚಯಿಸಿದರು. ಹೆಸರು ಡಿಹ್ಯಾಲೊಕಾಕಾಯ್ಡಿಸ್. ನಾವು ಆಮ್ಲಜನಕ ಉಸಿರಾಡೋ ಹಾಗೆ ಅದು ದ್ರಾವಕವನ್ನೇ ಉಸಿರಾಡುತ್ತೆ. ಒಂದೊಂದೇ ಕ್ಲೋರಿನ್ ಕಿತ್ತುಹಾಕಿ, ಕೊನೆಗೆ ಇಥಿಲೀನ್ ಮಾಡುತ್ತೆ. ಹಣ್ಣು ಮಾಗುವಾಗ ಹೊರಬರೋ ಅನಿಲವೇ ಅದು. ಯಾವ ಕೊಳಚೆಗೆ ನಮ್ಮವರನ್ನು ಇಳಿಸಿ, ಆಮೇಲೆ ಮುಟ್ಟಬೇಡ ಅಂದ್ರೋ, ಅಂಥದೇ ಕೊಳಚೆಯಲ್ಲಿ ನೀರಿನ ವೈದ್ಯ ಇತ್ತು.

ಕೆಲ್ಲಿಯ ಒಂದು ಸಣ್ಣ ಜಾಗದಲ್ಲೂ ಪ್ರಯೋಗ ನಡೀತು. ಅದರ ಫಲಿತಾಂಶ 2002ರಲ್ಲಿ ಪ್ರಕಟವಾಯ್ತು. ಮೊದಲು ನೆಲದೊಳಗಿನ ಸೂಕ್ಷ್ಮಜೀವಿಗಳಿಗೆ ಆಹಾರವಾಗಿ ಮೆಥನಾಲ್, ಅಸಿಟೇಟ್ ಮಾತ್ರ ಕೊಟ್ಟರು. ಕೆಲಸ ಅರ್ಧಕ್ಕೇ ನಿಂತಿತು. ಡಿಹ್ಯಾಲೊಕಾಕಾಯ್ಡಿಸ್ ಇರುವ ಮಿಶ್ರಣ ಬಿಟ್ಟ ಮೇಲೆ 200 ದಿನಗಳೊಳಗೆ ದ್ರಾವಕದ ಮಟ್ಟ ಲೀಟರಿಗೆ 5 ಮೈಕ್ರೊಗ್ರಾಂಗಿಂತ ಕೆಳಗಿಳಿಯಿತು.

ಈ ‘ಅರ್ಧ’ ಅನ್ನೋದನ್ನು ನೆನಪಿಡಿ. ಕ್ಲೋರಿನ್ ಕೀಳೋ ಕೆಲಸ ನಡುವೆ ನಿಂತರೆ ವಿನೈಲ್ ಕ್ಲೋರೈಡ್ ಉಳಿಯಬಹುದು. ಅದು ಕ್ಯಾನ್ಸರ್ ತರೋದು ಖಚಿತವಾಗಿರುವ ವಿಷ. ‘ಟಿಸಿಇ ಹೋಯ್ತು, ಶುದ್ಧಿ ಆಯ್ತು’ ಅಂತ ಫೈಲ್ ಮುಚ್ಚೋಕೆ ಯಾರಿಗೂ ಬಿಡಬಾರದು.

ನಮ್ಮ ಕೇರಿ ಪಕ್ಕ ಕಾರ್ಖಾನೆ ಇದ್ರೆ, ಬೋರ್‌ವೆಲ್ ನೀರಿನ ಪರೀಕ್ಷೆ ಕೇಳಿ. ಬರೀ ಟಿಡಿಎಸ್ ನೋಡಿ ಸುಮ್ಮನಾಗಬೇಡಿ, ದ್ರಾವಕ ಅದರಲ್ಲಿ ಕಾಣಲ್ಲ. ಟಿಸಿಇ, ಪಿಸಿಇ, ವಿನೈಲ್ ಕ್ಲೋರೈಡ್ ಅಂತ ಹೆಸರು ಬರೆದೇ ಅರ್ಜಿ ಕೊಡಿ. ವರದಿಯ ಪ್ರತಿ ಕೈಗೆ ತಗೊಳ್ಳಿ.

ಜೈಭೀಮ್.