ಗ್ರೀಕ್ ಅಕ್ಷರಗಳ ಬಳಗ: ಅಮೆರಿಕದ ಕಾಲೇಜು ಸಂಘಗಳ ಇನ್ನೂರು ವರ್ಷ

ಅಮೆರಿಕದ ಕಾಲೇಜುಗಳಲ್ಲಿ ಹುಡುಗರಿಗೆ ಫ್ರಾಟರ್ನಿಟಿ, ಹುಡುಗಿಯರಿಗೆ ಸೊರಾರಿಟಿ ಎಂಬ ಸಂಘಗಳಿವೆ. ಲ್ಯಾಟಿನ್ ಭಾಷೆಯಲ್ಲಿ ಫ್ರಾಟರ್ ಎಂದರೆ ಸಹೋದರ, ಸೊರೊರ್ ಎಂದರೆ ಸಹೋದರಿ. ಎರಡು ಮೂರು ಗ್ರೀಕ್ ಅಕ್ಷರಗಳನ್ನು ಜೋಡಿಸಿದರೆ ಅದೇ ಸಂಘದ ಹೆಸರು. ಒಂದೊಂದು ಸಂಘಕ್ಕೂ ಹಲವು ಕಾಲೇಜುಗಳಲ್ಲಿ ಶಾಖೆಗಳಿರುತ್ತವೆ. ಶಾಖೆಗೆ ಚಾಪ್ಟರ್ ಎನ್ನುತ್ತಾರೆ. ಬಯಸಿದವರಿಗೆಲ್ಲ ಸದಸ್ಯತ್ವ ಸಿಗುವುದಿಲ್ಲ. ಒಳಗಿದ್ದವರು ಹೊಸಬರನ್ನು ನೋಡಿ, ಮಾತಾಡಿಸಿ, ಹಿಡಿಸಿದವರನ್ನಷ್ಟೇ ಕರೆಯುತ್ತಾರೆ. ಕರೆ ಬಂದವರು ಕೆಲವು ವಾರ ಉಮೇದುವಾರರಾಗಿದ್ದು, ಗುಟ್ಟಾಗಿ ನಡೆಯುವ ದೀಕ್ಷೆಯ ನಂತರ ಪೂರ್ಣ ಸದಸ್ಯರಾಗುತ್ತಾರೆ. ಆಮೇಲೆ ಆ ನಂಟು ಜೀವಮಾನದ್ದು. ಇಂಥ ಸಂಘಕ್ಕೆ ಸೇರುವುದು ಒಳ್ಳೆಯದೇ ಎಂಬ ಚರ್ಚೆ ಸಂಘಗಳಷ್ಟೇ ಹಳೆಯದು. ಸಂಘದ ಬಾಗಿಲು ಯಾರಿಗೆ ತೆರೆದಿತ್ತು, ಯಾರಿಗೆ ಮುಚ್ಚಿತ್ತು ಎಂಬುದು ಕಾಲಕಾಲಕ್ಕೆ ಬದಲಾದಂತೆ ಉತ್ತರವೂ ಬದಲಾಗುತ್ತ ಬಂದಿದೆ.

ಗ್ರೀಕ್ ಅಕ್ಷರಗಳ ಮೊದಲ ಸಂಘ ಫೈ ಬೀಟಾ ಕಪ್ಪಾ. ಅಮೆರಿಕ ಸ್ವಾತಂತ್ರ್ಯ ಘೋಷಿಸಿಕೊಂಡು ಐದು ತಿಂಗಳಾಗಿತ್ತು. 1776ರ ಡಿಸೆಂಬರ್ 5ರಂದು ವರ್ಜೀನಿಯಾದ ವಿಲಿಯಮ್ಸ್‌ಬರ್ಗ್ ಊರಿನಲ್ಲಿ ವಿಲಿಯಂ ಅಂಡ್ ಮೇರಿ ಕಾಲೇಜಿನ ಐವರು ವಿದ್ಯಾರ್ಥಿಗಳು ಇದನ್ನು ಕಟ್ಟಿದರು. ಪ್ರಬಂಧ ಓದುವುದು, ವಾದ ಮಾಡುವುದು ಇದರ ಕೆಲಸ. ಜೊತೆಗೆ ಗುಟ್ಟಿನ ಹಸ್ತಲಾಘವ, ಪ್ರತಿಜ್ಞೆ, ಬೆಳ್ಳಿಯ ಪದಕವೂ ಇದ್ದವು. ವಿವೇಕದ ಪ್ರೀತಿಯೇ ಬಾಳಿಗೆ ದಾರಿತೋರುವುದು ಎಂಬರ್ಥದ ಗ್ರೀಕ್ ಧ್ಯೇಯವಾಕ್ಯದ ಮೊದಲಕ್ಷರಗಳೇ ಸಂಘದ ಹೆಸರಾದವು. 1826ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಫ್ರೀಮೇಸನ್ನರು ಎಂಬ ಗುಪ್ತ ಸಂಘದವರ ಗುಟ್ಟುಗಳನ್ನು ಬಯಲು ಮಾಡಲು ಹೊರಟಿದ್ದ ವಿಲಿಯಂ ಮಾರ್ಗನ್ ಕಾಣೆಯಾದ. ಗುಪ್ತ ಸಂಘಗಳೆಂದರೆ ಜನ ಸಿಡಿದೇಳುವ ಕಾಲ ಬಂತು. 1831ರಲ್ಲಿ ಹಾರ್ವರ್ಡ್ ಶಾಖೆ ಗುಟ್ಟನ್ನು ಕೈಬಿಟ್ಟಿತು, ಮುಂದೆ ಇಡೀ ಸಂಘ ಪ್ರತಿಭಾವಂತರಿಗೆ ಸಿಗುವ ಗೌರವವಾಗಿ ಮಾರ್ಪಟ್ಟಿತು. ಇಂದಿನ ಫ್ರಾಟರ್ನಿಟಿಗಳಿಗೆ ಅದರಿಂದ ಬಂದದ್ದು ಅಚ್ಚು ಮಾತ್ರ: ಗ್ರೀಕ್ ಹೆಸರು, ಗುಟ್ಟು, ಎದೆಗೆ ಸಿಕ್ಕಿಸುವ ಬ್ಯಾಡ್ಜ್, ಊರೂರಿನ ಶಾಖೆ.

ಆ ಅಚ್ಚಿಗೆ ಬದುಕು ಬಂದದ್ದು ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಊರಿನ ಯೂನಿಯನ್ ಕಾಲೇಜಿನಲ್ಲಿ. 1825ರಲ್ಲಿ ಅಲ್ಲಿ ಕಪ್ಪಾ ಆಲ್ಫಾ, 1827ರಲ್ಲಿ ಸಿಗ್ಮಾ ಫೈ ಮತ್ತು ಡೆಲ್ಟಾ ಫೈ ಹುಟ್ಟಿದವು. ಅಂದಿನ ಕಾಲೇಜು ಎಂದರೆ ಗಂಟೆ ಹೊಡೆದಂತೆ ಬದುಕಬೇಕಾದ ಜಾಗ. ನಸುಕಿನಲ್ಲೇ ಪ್ರಾರ್ಥನೆ, ಆಮೇಲೆ ಲ್ಯಾಟಿನ್, ಗ್ರೀಕ್, ಗಣಿತ. ಕಂಠಪಾಠ ಒಪ್ಪಿಸುವುದೇ ತರಗತಿ. ಪಾಠ ಹೇಳುವ ಮೇಷ್ಟರೇ ರಾತ್ರಿ ಕೋಣೆಗಳ ಕಾವಲುಗಾರ. ಹದಿನಾರು, ಹದಿನೇಳರ ಹುಡುಗರಿಗೆ ಆಟವಿಲ್ಲ, ಹೊಸ ಪುಸ್ತಕಗಳ ಮಾತಿಲ್ಲ, ಮನಸ್ಸು ಬಿಚ್ಚಲು ತಾವಿಲ್ಲ. ಕಾಲೇಜು ಕೊಡದಿದ್ದುದನ್ನು ಅವರು ತಾವೇ ಮಾಡಿಕೊಂಡರು. ಫ್ರಾಟರ್ನಿಟಿಯ ಬೇರು ಇಲ್ಲಿದೆ, ಇದನ್ನು ಮರೆತು ಅದನ್ನು ಅಳೆಯಲಾಗದು. ಯೂನಿಯನ್ ಕಾಲೇಜಿನ ಅಧ್ಯಕ್ಷ ಎಲಿಫಲೆಟ್ ನಾಟ್ ಅವರಿಗೆ ಈ ಸಂಘಗಳು ಹಿಡಿಸಲಿಲ್ಲ, ಆದರೆ ಅವು ಉಳಿದುಕೊಂಡವು.

ಆಗ ಪಶ್ಚಿಮವೆನಿಸಿದ್ದ ಪ್ರದೇಶದಲ್ಲಿ ಇವು ಬೇರೂರಿದ್ದು ಓಹಾಯೋ ರಾಜ್ಯದ ಆಕ್ಸ್‌ಫರ್ಡ್ ಎಂಬ ಸಣ್ಣ ಊರಿನ ಮಯಾಮಿ ವಿಶ್ವವಿದ್ಯಾಲಯದಲ್ಲಿ. ಬೀಟಾ ಥೀಟಾ ಪೈ ಅಲ್ಲಿ 1839ರಲ್ಲಿ ಆರಂಭವಾಗಿತ್ತು. 1848ರ ಜನವರಿಯಲ್ಲಿ ವಿದ್ಯಾರ್ಥಿಗಳು ರಾತ್ರೋರಾತ್ರಿ ಹಿಮದ ದೊಡ್ಡ ಉಂಡೆಗಳನ್ನು ಉರುಳಿಸಿ ತಂದು ಮುಖ್ಯ ಕಟ್ಟಡದ ಬಾಗಿಲಿಗೆ ಒಟ್ಟಿದರು. ಬೆಳಗ್ಗೆ ಪ್ರಾರ್ಥನೆಗೆ ಬಂದವರು ಒಳಗೆ ಕಾಲಿಡುವಂತಿರಲಿಲ್ಲ. ಅಧ್ಯಕ್ಷರು ಶಿಕ್ಷೆಗೆ ಮುಂದಾದಂತೆ ಹಟ ಬೆಳೆಯಿತು, ಬಾಗಿಲು ಮತ್ತೆ ಮುಚ್ಚಿತು. ಕೊನೆಗೆ ಎಷ್ಟೋ ಹುಡುಗರನ್ನು ಹೊರಹಾಕಲಾಯಿತು, ಇನ್ನೆಷ್ಟೋ ಮಂದಿ ತಾವೇ ಬಿಟ್ಟು ಹೋದರು, ಅಲ್ಲಿದ್ದ ಸಂಘಗಳು ಬರಿದಾದವು. ಅದೇ ವರ್ಷದ ಡಿಸೆಂಬರ್ 26ರ ರಾತ್ರಿ, ಕ್ರಿಸ್‌ಮಸ್ಸಿನ ಮಾರನೆಯ ದಿನ, ಆರು ವಿದ್ಯಾರ್ಥಿಗಳು ಹಾಸ್ಟೆಲಿನ ಒಂದು ಕೋಣೆಯಲ್ಲಿ ಕೂತು ಫೈ ಡೆಲ್ಟಾ ಥೀಟಾ ಕಟ್ಟಿದರು. 1855ರಲ್ಲಿ ಸಿಗ್ಮಾ ಕೈ ಬಂತು. ಈ ಮೂರೂ ಇಂದು ದೇಶವ್ಯಾಪಿ ಸಂಘಗಳು. ಮುಂದೆ ಅಮೆರಿಕದ ಅಧ್ಯಕ್ಷರಾದ ಬೆಂಜಮಿನ್ ಹ್ಯಾರಿಸನ್ ಮಯಾಮಿಯಲ್ಲಿ ಓದುವಾಗ ಫೈ ಡೆಲ್ಟಾ ಥೀಟಾದ ಸದಸ್ಯರಾಗಿದ್ದರು.

ಸಂಘಕ್ಕೆ ಸ್ವಂತ ಮನೆ ಬಂದದ್ದು ಇನ್ನೊಂದು ತಿರುವು. 1846ರಲ್ಲಿ ಮಿಷಿಗನ್ನಿನ ಆನ್ ಆರ್ಬರ್‌ನಲ್ಲಿ ಕೈ ಸೈ ಸಂಘದ ಹುಡುಗರು ಕಾಡಿನ ನಡುವೆ ಮರದ ದಿಮ್ಮಿಗಳ ಗುಡಿಸಲು ಕಟ್ಟಿಕೊಂಡರು. ಅಧ್ಯಾಪಕರ ಕಣ್ಣು ತಪ್ಪಿಸಿ ಸೇರಲು ಮಾಡಿಕೊಂಡ ಆ ಗುಡಿಸಲನ್ನೇ ಮೊದಲ ಫ್ರಾಟರ್ನಿಟಿ ಮನೆ ಎನ್ನುತ್ತಾರೆ. ಶತಮಾನದ ಕೊನೆಯ ಹೊತ್ತಿಗೆ ಊಟ, ವಸತಿ, ಓದಿನ ಕೋಣೆ ಎಲ್ಲ ಇರುವ ದೊಡ್ಡ ಬಂಗಲೆಗಳು ಎದ್ದವು. ವಿದ್ಯಾರ್ಥಿಗಳ ಸಂಖ್ಯೆ ಏರುತ್ತಿತ್ತು, ಹಾಸ್ಟೆಲ್ ಕಟ್ಟಲು ಕಾಲೇಜುಗಳ ಬಳಿ ದುಡ್ಡಿರಲಿಲ್ಲ. ಹಳೆ ಸದಸ್ಯರ ಹಣದಲ್ಲಿ ಎದ್ದ ಈ ಮನೆಗಳು ಆ ಭಾರವನ್ನು ಹೊತ್ತವು. ವಿರೋಧಿಸುತ್ತಿದ್ದ ಆಡಳಿತಗಳು ಮೆತ್ತಗಾಗಲು ಇದು ದೊಡ್ಡ ಕಾರಣ. ಎದುರು ನಿಂತವರ ಗತಿ ಏನಾಯಿತೆಂಬುದಕ್ಕೆ ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯವೇ ಸಾಕ್ಷಿ. ಸಂಘ ಸೇರುವುದಿಲ್ಲವೆಂದು ಬರೆದುಕೊಡದವರಿಗೆ ಪ್ರವೇಶವಿಲ್ಲ ಎಂದರು ಅಧ್ಯಕ್ಷ ಎಮರ್ಸನ್ ವೈಟ್. ಹಾಗೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು 1882ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಮರುವರ್ಷ ವೈಟ್ ರಾಜೀನಾಮೆ ಕೊಟ್ಟರು.

ಹುಡುಗಿಯರ ಕಥೆ ಬೇರೆ. ಜಾರ್ಜಿಯಾದ ಮೇಕನ್ ಊರಿನ ವೆಸ್ಲಿಯನ್ ಮಹಿಳಾ ಕಾಲೇಜಿನಲ್ಲಿ 1851 ಮತ್ತು 1852ರಲ್ಲಿ ಎರಡು ಗುಪ್ತ ಸಾಹಿತ್ಯ ಸಂಘಗಳು ಹುಟ್ಟಿದ್ದವು. ಅವೇ ಮುಂದೆ ಆಲ್ಫಾ ಡೆಲ್ಟಾ ಪೈ ಮತ್ತು ಫೈ ಮ್ಯೂ ಎಂಬ ಹೆಸರು ತಳೆದವು. ಆದರೆ ಹುಡುಗರ ಜೊತೆ ಒಂದೇ ಕಾಲೇಜಿನಲ್ಲಿ ಓದುವ ಹೆಣ್ಣುಮಕ್ಕಳ ಪಾಡನ್ನು ತೋರಿಸುವುದು ಬೆಟ್ಟಿ ಲಾಕ್. ಇಂಡಿಯಾನಾದ ಆಸ್ಬರಿ ವಿಶ್ವವಿದ್ಯಾಲಯಕ್ಕೆ, ಅಂದರೆ ಇಂದಿನ ಡಿಪಾವ್‌ಗೆ, ಮೊದಲು ಸೇರಿದ ಹೆಣ್ಣುಮಕ್ಕಳಲ್ಲಿ ಆಕೆ ಒಬ್ಬಳು. ತರಗತಿಯಲ್ಲಿ ಹುಡುಗಿಯರು ಇರುವುದನ್ನು ಬಹಳ ಮಂದಿ ಸಹಿಸುತ್ತಿರಲಿಲ್ಲ. ಫ್ರಾಟರ್ನಿಟಿಯೊಂದರ ಹುಡುಗರು ತಮ್ಮ ಬ್ಯಾಡ್ಜ್ ಧರಿಸುವಂತೆ ಆಕೆಯನ್ನು ಕೇಳಿದರು. ಹಾಗಾದರೆ ಸಂಘದ ದೀಕ್ಷೆಯನ್ನೂ ಗುಟ್ಟುಗಳನ್ನೂ ಕೊಡಿ ಎಂದಳು ಆಕೆ. ಅದಾಗದು ಎಂದ ಅವರು ಬದಲಿಗೆ ಬೆಳ್ಳಿಯ ಕೇಕ್ ಬುಟ್ಟಿಯೊಂದನ್ನು ಉಡುಗೊರೆ ಕೊಟ್ಟರು. ಬುಟ್ಟಿಯಿಂದ ಆಕೆಗೆ ತೃಪ್ತಿಯಾಗಲಿಲ್ಲ. 1870ರ ಜನವರಿ 27ರಂದು ಮೂವರು ಗೆಳತಿಯರ ಜೊತೆಗೂಡಿ ಕಪ್ಪಾ ಆಲ್ಫಾ ಥೀಟಾ ಕಟ್ಟಿದಳು. ಆಗ ಇವನ್ನೂ ಫ್ರಾಟರ್ನಿಟಿ ಎಂದೇ ಕರೆಯುತ್ತಿದ್ದರು. ಸೊರಾರಿಟಿ ಎಂಬ ಪದವನ್ನು ಆಮೇಲೆ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಲ್ಯಾಟಿನ್ ಪ್ರಾಧ್ಯಾಪಕ ಫ್ರಾಂಕ್ ಸ್ಮಾಲಿ ಗಾಮಾ ಫೈ ಬೀಟಾ ಸಂಘಕ್ಕಾಗಿ ಸೃಷ್ಟಿಸಿದರು. ಕಾಲೇಜಿನಲ್ಲಿ ಬೆರಳೆಣಿಕೆಯಷ್ಟೇ ಇದ್ದ ಹೆಣ್ಣುಮಕ್ಕಳಿಗೆ ಈ ಸಂಘ ಆಸರೆಯಾಯಿತು. ಓದು ಬಿಟ್ಟು ಹೋಗದಂತೆ ಒಬ್ಬರನ್ನೊಬ್ಬರು ಹಿಡಿದು ನಿಲ್ಲಿಸಿದರು. ಸೇರಿದ್ದು ಸಾರ್ಥಕವೇ ಎಂದು ಅವರನ್ನು ಕೇಳಬೇಕಾಗಿರಲಿಲ್ಲ.

ಇದೇ ಮಾತು ಕಪ್ಪು ವಿದ್ಯಾರ್ಥಿಗಳ ಸಂಘಗಳಿಗೆ ಇನ್ನೂ ಹೆಚ್ಚು ಒಪ್ಪುತ್ತದೆ. 1906ರ ಡಿಸೆಂಬರ್ 4ರಂದು ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಏಳು ಮಂದಿ ಆಲ್ಫಾ ಫೈ ಆಲ್ಫಾ ಸ್ಥಾಪಿಸಿದರು. ಅದು ಶುರುವಾದದ್ದು ಜೊತೆಗೂಡಿ ಓದುವ ಸಣ್ಣ ಗುಂಪಾಗಿ. ಬಿಳಿಯರ ಊರಿನಲ್ಲಿ ಒಂಟಿಯಾದ ಹುಡುಗರಿಗೆ ಪರೀಕ್ಷೆ ದಾಟಲು ಇನ್ನೊಬ್ಬರ ನೆರವು ಬೇಕಿತ್ತು. 1908ರಲ್ಲಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಫಾ ಕಪ್ಪಾ ಆಲ್ಫಾ ಸೊರಾರಿಟಿ ಬಂತು. 1913ರ ಜನವರಿಯಲ್ಲಿ ಅಲ್ಲೇ 22 ಹೆಣ್ಣುಮಕ್ಕಳು ಡೆಲ್ಟಾ ಸಿಗ್ಮಾ ಥೀಟಾ ಕಟ್ಟಿದರು. ಎರಡು ತಿಂಗಳು ಕಳೆಯುವುದರೊಳಗೆ, ಮಾರ್ಚ್ 3ರಂದು, ಅವರು ರಾಜಧಾನಿಯ ಬೀದಿಯಲ್ಲಿ ಹೆಣ್ಣಿನ ಮತದ ಹಕ್ಕಿಗಾಗಿ ನಡೆದ ಮೆರವಣಿಗೆಯಲ್ಲಿ ಹೆಜ್ಜೆ ಹಾಕಿದರು. ಇಂಥ ಒಂಬತ್ತು ಸಂಘಗಳಿಗೆ ಒಟ್ಟಾಗಿ ಡಿವೈನ್ ನೈನ್ ಎಂಬ ಹೆಸರಿದೆ. ಇವುಗಳಲ್ಲಿ ಪದವಿ ಮುಗಿಸಿದವರ ಚಾಪ್ಟರ್‌ಗಳೂ ಬಲವಾಗಿವೆ. ವಕೀಲರು, ವೈದ್ಯರು, ಶಾಲಾ ಶಿಕ್ಷಕರು ನಡುವಯಸ್ಸು ದಾಟಿದ ಮೇಲೂ ಸಭೆಗೆ ಬರುತ್ತಾರೆ, ವಿದ್ಯಾರ್ಥಿವೇತನಕ್ಕೆ ಹಣ ಕೂಡಿಸುತ್ತಾರೆ. ಮಾರ್ಟಿನ್ ಲೂಥರ್ ಕಿಂಗ್ ಆಲ್ಫಾ ಫೈ ಆಲ್ಫಾದವರು. ಉಪಾಧ್ಯಕ್ಷೆಯಾಗಿದ್ದ ಕಮಲಾ ಹ್ಯಾರಿಸ್ ಹೋವರ್ಡ್‌ನಲ್ಲಿ ಆಲ್ಫಾ ಕಪ್ಪಾ ಆಲ್ಫಾ ಸೇರಿದವರು.

ಇಷ್ಟೊಂದು ಬೇರೆ ಬೇರೆ ಸಂಘಗಳು ಹುಟ್ಟಬೇಕಾದದ್ದೇ ಹಳೆಯ ಸಂಘಗಳ ಮೇಲಿನ ಆರೋಪಪಟ್ಟಿ. ಬಿಳಿಯ ಕ್ರೈಸ್ತರಿಗೆ ಮಾತ್ರ ಸದಸ್ಯತ್ವ ಎಂಬ ಷರತ್ತು ಹಲವು ರಾಷ್ಟ್ರೀಯ ಫ್ರಾಟರ್ನಿಟಿಗಳ ನಿಯಮಾವಳಿಯಲ್ಲೇ ಇತ್ತು. ಯಹೂದಿಗಳು ಅದಕ್ಕಾಗಿಯೇ 1898ರಲ್ಲಿ ನ್ಯೂಯಾರ್ಕ್‌ನಲ್ಲಿ ಆರಂಭವಾದ ಝೀಟಾ ಬೀಟಾ ಟೌ ಮುಂತಾದ ಸಂಘಗಳನ್ನು ಕಟ್ಟಿಕೊಂಡರು. 1948ರಲ್ಲಿ ಆಮ್ಹರ್ಸ್ಟ್ ಕಾಲೇಜಿನ ಫೈ ಕಪ್ಪಾ ಸೈ ಚಾಪ್ಟರ್ ಒಬ್ಬ ಕಪ್ಪು ವಿದ್ಯಾರ್ಥಿಯನ್ನು ಸೇರಿಸಿಕೊಂಡಿತು. ರಾಷ್ಟ್ರೀಯ ಸಂಘ ಆ ಚಾಪ್ಟರನ್ನೇ ಹೊರಹಾಕಿತು. ಹುಡುಗರು ಹಿಂದೆ ಸರಿಯಲಿಲ್ಲ, ಬೇರೆ ಹೆಸರಿಟ್ಟುಕೊಂಡು ಸ್ವತಂತ್ರರಾದರು. ಬರಹದಲ್ಲಿದ್ದ ಷರತ್ತುಗಳು ಮುಂದಿನ ಎರಡು ದಶಕಗಳಲ್ಲಿ ಅಳಿಸಿಹೋದರೂ ರೂಢಿ ಅಷ್ಟು ಸುಲಭವಾಗಿ ಹೋಗಲಿಲ್ಲ. ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಆಗಸ್ಟ್ ಬಂತೆಂದರೆ ಸಾವಿರಾರು ಹುಡುಗಿಯರು ಸೊರಾರಿಟಿಗಳ ಮನೆಯಿಂದ ಮನೆಗೆ ಹೋಗಿ ಮಾತಾಡಿ ಬರುತ್ತಾರೆ. ಇದಕ್ಕೆ ರಷ್ ಎಂದು ಹೆಸರು. ಕೊನೆಯ ದಿನ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಕೂಡಿಸಿ ಲಕೋಟೆ ಕೊಡುತ್ತಾರೆ. ಎಲ್ಲರೂ ಒಮ್ಮೆಲೇ ಒಡೆದು ನೋಡಿ, ಚೀರುತ್ತ, ಅಳುತ್ತ, ತಮ್ಮನ್ನು ಆರಿಸಿದ ಮನೆಯತ್ತ ಓಡುತ್ತಾರೆ. ಇಂಥ ಕಡೆ ಅಂಕ, ನಡತೆ ಎಲ್ಲ ಚೆನ್ನಾಗಿದ್ದ ಕಪ್ಪು ವಿದ್ಯಾರ್ಥಿನಿಯರನ್ನು ಬಣ್ಣದ ಕಾರಣಕ್ಕೆ ಕೈಬಿಟ್ಟದ್ದನ್ನು 2013ರ ಸೆಪ್ಟೆಂಬರ್‌ನಲ್ಲಿ ವಿದ್ಯಾರ್ಥಿಗಳ ಪತ್ರಿಕೆಯೇ ಬಯಲಿಗೆಳೆಯಿತು. ಹಳೆ ಸದಸ್ಯೆಯರ ಒತ್ತಡವೇ ಇದಕ್ಕೆ ಕಾರಣವೆಂದು ಒಳಗಿನ ಹುಡುಗಿಯರೇ ಹೇಳಿದರು.

ಕೆಲವು ಕಾಲೇಜುಗಳು ಈ ಪದ್ಧತಿಯನ್ನೇ ಕಿತ್ತುಹಾಕಿದವು. ವಿಲಿಯಮ್ಸ್ ಕಾಲೇಜು 1962ರಲ್ಲಿ, ಆಮ್ಹರ್ಸ್ಟ್ 1984ರಲ್ಲಿ, ಬೋಡನ್ 1997ರಲ್ಲಿ ಆ ನಿರ್ಧಾರಕ್ಕೆ ಬಂದವು.

ಎಲ್ಲಕ್ಕಿಂತ ದೊಡ್ಡ ಕಳಂಕ ಹೇಜಿಂಗ್. ಇದು ನಮ್ಮ ರ್‍ಯಾಗಿಂಗ್‌ನ ನೆಂಟ, ಆದರೆ ಒಂದು ವ್ಯತ್ಯಾಸವಿದೆ. ರ್‍ಯಾಗಿಂಗ್ ಹೊಸಬನ ಮೇಲೆ ತಾನಾಗಿ ಬಂದು ಬೀಳುತ್ತದೆ. ಹೇಜಿಂಗ್ ಒಳಗೆ ಬರಲು ತೆರಬೇಕಾದ ಬೆಲೆ, ಆದ್ದರಿಂದ ಅದನ್ನು ಅನುಭವಿಸುವವನೇ ಬಾಯಿಬಿಡುವುದಿಲ್ಲ. 1873ರಲ್ಲಿ ಕಾರ್ನೆಲ್‌ನಲ್ಲಿ ಕಪ್ಪಾ ಆಲ್ಫಾ ಸೇರಲಿದ್ದ ಒಬ್ಬ ವಿದ್ಯಾರ್ಥಿಯನ್ನು ರಾತ್ರಿ ಊರಾಚೆ ಕರೆದೊಯ್ದಿದ್ದಾಗ ಆತ ಕಮರಿಗೆ ಬಿದ್ದು ಸತ್ತ. ದೀಕ್ಷೆಯ ಹೆಸರಿನ ಸಾವುಗಳ ದಾಖಲೆ ಅಷ್ಟು ಹಳೆಯದು. 1984ರ ಕಾನೂನು ಮದ್ಯಪಾನದ ಕನಿಷ್ಠ ವಯಸ್ಸನ್ನು ದೇಶದಾದ್ಯಂತ 21ಕ್ಕೆ ತಂದಿತು. ಅಲ್ಲಿಂದ ಚಿಕ್ಕ ವಯಸ್ಸಿನವರ ಕುಡಿತಕ್ಕೆ ಫ್ರಾಟರ್ನಿಟಿಯ ನೆಲಮಾಳಿಗೆಯೇ ಆಶ್ರಯವಾಯಿತು. 2017ರ ಫೆಬ್ರುವರಿಯಲ್ಲಿ ಪೆನ್ಸಿಲ್ವೇನಿಯಾದ ಪೆನ್ ಸ್ಟೇಟ್‌ನಲ್ಲಿ ಫ್ರಾಟರ್ನಿಟಿ ಸೇರಲಿದ್ದ 19 ವರ್ಷದ ವಿದ್ಯಾರ್ಥಿಗೆ ಸ್ವಲ್ಪ ಹೊತ್ತಿನಲ್ಲೇ ಮಿತಿಮೀರಿ ಕುಡಿಸಿದರು. ಮೆಟ್ಟಿಲಿನಿಂದ ಉರುಳಿಬಿದ್ದ ಅವನಿಗಾಗಿ ಸುಮಾರು 12 ಗಂಟೆ ಯಾರೂ ಆಂಬುಲೆನ್ಸ್ ಕರೆಯಲಿಲ್ಲ. ಮನೆಯ ಕ್ಯಾಮೆರಾಗಳು ಎಲ್ಲವನ್ನೂ ಸೆರೆಹಿಡಿದಿದ್ದವು. ಅಣ್ಣತಮ್ಮಂದಿರು ಎಂದು ಕರೆದುಕೊಂಡವರು ಸುತ್ತ ಇದ್ದರು. ಸಹೋದರತ್ವ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ.

ಹಾಗಿದ್ದೂ ವಿದ್ಯಾರ್ಥಿಗಳು ಏಕೆ ಸೇರುತ್ತಾರೆ? ದೊಡ್ಡ ವಿಶ್ವವಿದ್ಯಾಲಯದಲ್ಲಿ ಒಂದು ಸಣ್ಣ ಬಳಗ ಸಿಗುತ್ತದೆ, ಕೆಲಸ ಹುಡುಕುವಾಗ ಹಳೆ ಸದಸ್ಯರ ಪರಿಚಯ ಒದಗುತ್ತದೆ. ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್, ಜೆರಾಲ್ಡ್ ಫೋರ್ಡ್, ರೊನಾಲ್ಡ್ ರೇಗನ್, ಜಾರ್ಜ್ ಬುಷ್ ಇಂಥ ಸಂಘಗಳಲ್ಲಿದ್ದವರು. 2014ರಲ್ಲಿ ಗ್ಯಾಲಪ್ ಸಂಸ್ಥೆ ಪರ್ಡ್ಯೂ ಜೊತೆಗೂಡಿ ಸುಮಾರು 30,000 ಪದವೀಧರರ ಸಮೀಕ್ಷೆ ನಡೆಸಿತು. ಉದ್ಯೋಗದಲ್ಲಿ ಮನಸ್ಸಿಟ್ಟು ತೊಡಗಿದ್ದವರು ಸಂಘದವರಲ್ಲಿ ಶೇ. 43, ಉಳಿದವರಲ್ಲಿ ಶೇ. 38. ಸಂಘಗಳ ತವರಾದ ಯೂನಿಯನ್ ಕಾಲೇಜಿನ ಅರ್ಥಶಾಸ್ತ್ರಜ್ಞರು ಈಶಾನ್ಯ ಅಮೆರಿಕದ ಒಂದು ಕಾಲೇಜಿನ ಹಳೆ ವಿದ್ಯಾರ್ಥಿಗಳನ್ನು ಕುರಿತು 2018ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಕುತೂಹಲದ್ದು. ಫ್ರಾಟರ್ನಿಟಿ ಸೇರಿದವರ ಅಂಕ 4ರ ಮಾಪನದಲ್ಲಿ ಸುಮಾರು 0.25 ಇಳಿದಿತ್ತು, ಮುಂದಿನ ಸಂಪಾದನೆ ಸುಮಾರು ಶೇ. 36 ಏರಿತ್ತು. ಪುಸ್ತಕಕ್ಕಿಂತ ಪರಿಚಯ ಹೆಚ್ಚು ಗಳಿಸಿಕೊಟ್ಟಿತೆಂದೇ ಇದರರ್ಥ. ಒಂದೇ ಕಾಲೇಜಿನ ಲೆಕ್ಕವನ್ನು ಎಲ್ಲ ಕಡೆಗೂ ಹಿಗ್ಗಿಸಲಾಗದು. ಸದಸ್ಯತ್ವಕ್ಕೆ ಪ್ರತಿ ಸೆಮಿಸ್ಟರ್ ಶುಲ್ಕ ಕಟ್ಟಬೇಕೆಂಬುದನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

1965ರ ವಲಸೆ ಕಾನೂನಿನ ನಂತರ ಅಮೆರಿಕಕ್ಕೆ ಹೋದ ಭಾರತೀಯರ ಮಕ್ಕಳು ಕಾಲೇಜಿಗೆ ಬಂದಾಗ ಹಳೆಯ ಕಥೆ ಮರುಕಳಿಸಿತು. 1994ರಲ್ಲಿ ನ್ಯೂಯಾರ್ಕ್ ರಾಜ್ಯದ ಬಿಂಗಮ್ಟನ್‌ನಲ್ಲಿ ಅಯೋಟಾ ನ್ಯೂ ಡೆಲ್ಟಾ, 1998ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಡೆಲ್ಟಾ ಎಪ್ಸಿಲಾನ್ ಸೈ ಮತ್ತು ಹುಡುಗಿಯರ ಕಪ್ಪಾ ಫೈ ಗಾಮಾ ಆರಂಭವಾದವು. ಇವು ದಕ್ಷಿಣ ಏಷ್ಯಾ ಮೂಲದವರು ಕಟ್ಟಿಕೊಂಡ ಸಂಘಗಳು. ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳಿಗೆ ಹಳೆಯ ಸಂಘಗಳ ಜೊತೆ ಈ ಆಯ್ಕೆಯೂ ಇದೆ. ಹೇಜಿಂಗ್‌ನ ಪಿಡುಗು ಯಾವ ಬಗೆಯ ಸಂಘವನ್ನೂ ಬಿಟ್ಟಿಲ್ಲ ಎಂಬುದು ತಂದೆತಾಯಿಯರಿಗೆ ತಿಳಿದಿರಬೇಕು.

ಒಟ್ಟು ಚರಿತ್ರೆ ನೋಡಿದರೆ, ಹೊರಗೆ ತಳ್ಳಲ್ಪಟ್ಟವರು ಒಬ್ಬರಿಗೊಬ್ಬರು ಆಸರೆಯಾಗಲು ಕಟ್ಟಿದ ಸಂಘಗಳು ಸದಸ್ಯರಿಗೆ ಹೆಚ್ಚು ಒಳಿತು ಮಾಡಿವೆ. ಇತರರನ್ನು ಹೊರಗಿಡುವುದನ್ನೇ ಹೆಮ್ಮೆ ಮಾಡಿಕೊಂಡವು ಸದಸ್ಯರನ್ನೂ ಕೆಡಿಸಿವೆ. ಒಂದೇ ಸಂಘದ ಒಂದು ಚಾಪ್ಟರ್ ಒಳ್ಳೆಯದಿದ್ದು ಇನ್ನೊಂದು ಅಪಾಯಕಾರಿ ಆಗಿರಬಹುದು. ಆದ್ದರಿಂದ ಸಂಘದ ಹೆಸರು ನೋಡಿ ಸೇರುವುದಲ್ಲ, ಆ ಕಾಲೇಜಿನ ಆ ಚಾಪ್ಟರಿನ ನಡವಳಿಕೆ ನೋಡಿ ಸೇರಬೇಕು. ಅದಕ್ಕೀಗ ಒಂದು ದಾರಿಯೂ ಆಗಿದೆ. 2024ರ ಡಿಸೆಂಬರ್‌ನಲ್ಲಿ ಅಂಗೀಕಾರವಾದ ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಕಾಯ್ದೆಯ ಪ್ರಕಾರ, ಹೇಜಿಂಗ್ ನಡೆಸಿ ತಪ್ಪಿತಸ್ಥರೆಂದು ತೀರ್ಮಾನವಾದ ಸಂಘಗಳ ಹೆಸರು, ತಪ್ಪಿನ ವಿವರ, ಕೊಟ್ಟ ಶಿಕ್ಷೆ ಎಲ್ಲವನ್ನೂ ಕಾಲೇಜುಗಳು ಸಾರ್ವಜನಿಕವಾಗಿ ಪ್ರಕಟಿಸಬೇಕು. ಕರೆಯ ಲಕೋಟೆ ಒಡೆಯುವ ಮೊದಲು ವಿದ್ಯಾರ್ಥಿಯೂ ಮನೆಯವರೂ ಆ ವರದಿಯನ್ನು ಓದಲಿ.