ಮುಂಬಯಿಯ ಜಾಸ್, ಗೋವೆಯ ಉಸಿರು

ಜಾಸ್ ಎಂದೊಡನೆ ಅಮೆರಿಕವನ್ನು ನೆನೆಯುವ ವಾಚಕರೇ, ಮುಂಬಯಿಯನ್ನೂ ತುಸು ನೆನೆಯಿರಿ. ಆಫ್ರಿಕ ಮೂಲದ ಅಮೆರಿಕನ್ ಪಿಟೀಲುವಾದಕ ಲಿಯಾನ್ ಆಬೀಯವರು 1935ರಲ್ಲಿ ಅಲ್ಲಿನ ತಾಜಮಹಲ್ ಹೋಟೆಲಿಗೆ ತಮ್ಮ ಮೇಳವನ್ನು ಕರೆತಂದರು. ಆ ವಿದ್ಯೆಯನ್ನು ನಮ್ಮದಾಗಿಸಿದವರು ಗೋವೆಯ ವಾದಕರು. ಇಗರ್ಜಿಯ ಶಾಲೆಗಳಲ್ಲಿ ಸ್ವರಲಿಪಿಯನ್ನು ಓದಿ ಪಳಗಿದ್ದವರು. ಅವರಲ್ಲೊಬ್ಬರು ಆಲ್ಡೋನಾ ಗ್ರಾಮದ ಆಂಟೋನಿಯೊ ಶಾವಿಯೆರ್ ವಾಜ್. ಲೋಕ ಅವರನ್ನು ಕರೆದದ್ದು 'ಚಿಕ್ ಚಾಕೊಲೇಟ್' ಎಂದು. ಹೆಸರು ಮಿಠಾಯಿಯದಾದರೂ ತುತ್ತೂರಿಗೆ ತುಂಬಿದ ಉಸಿರು ಗಟ್ಟಿಯದೇ! 1951ರ 'ಅಲ್ಬೇಲಾ' ಚಿತ್ರದಲ್ಲಿ ಸಿ. ರಾಮಚಂದ್ರರ ಸಂಗೀತಕ್ಕೆ ಅವರು ಮೇಳಸಮೇತರಾಗಿ ತೆರೆಯ ಮೇಲೂ ಕಾಣಿಸಿಕೊಂಡರು. ಹಾಡಿದವರ ಹೆಸರನ್ನು ಬಾನುಲಿ ಸಾರಿತು. ಊದಿದವರ ಹೆಸರನ್ನು ಹೇಳುವವರು ವಿರಳ. ಆ ಹಾಡುಗಳು ಇನ್ನೊಮ್ಮೆ ಕಿವಿಗೆ ಬಿದ್ದಾಗ, ಪಲ್ಲವಿ ಮುಗಿದು ಚರಣ ತೊಡಗುವ ನಡುವಣ ತುತ್ತೂರಿಗೆ ಕಿವಿಗೊಡಿ. ನಿಮ್ಮೂರ ಮದುವೆಗೆ ಬ್ಯಾಂಡು ಬಂದಾಗಲೂ ಊದುವವರ ಹೆಸರನ್ನು ಕೇಳಿ ತಿಳಿಯಿರಿ.